ಬೀದರದ ಕೆಂಪು ಕಲ್ಲು ನೀರು ಹಿಡಿಯುವ ಬಗೆ

ಕಳೆದ ಬೇಸಿಗೆಯಲ್ಲಿ ಬೀದರ ಸಮೀಪದ ಒಂದು ಹೊಲದಲ್ಲಿ ಇಬ್ಬರು ನೀರಿನ ಲೆಕ್ಕ ಹಾಕುತ್ತಿದ್ದರು. ಒಬ್ಬರು ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ತೊಗರಿ ಕೊಯ್ದ ಸಾಲಿನಲ್ಲಿ ನಡೆಯುತ್ತಿದ್ದರು. ಇನ್ನೊಬ್ಬಳು ಎಂ.ಎಸ್ಸಿ. ಮುಗಿಸಿ ಈಗಷ್ಟೇ ಕೆಲಸಕ್ಕೆ ಸೇರಿದ ಹುಡುಗಿ. ಸ್ಟೀಲ್ ಟೇಪಿನ ತುದಿಗೆ ಸೀಮೆಸುಣ್ಣ ಬಳಿದು ಬಾವಿಗೆ ಇಳಿಬಿಟ್ಟಳು. 12 ಮೀಟರ್ ಗುರುತು ಕಟ್ಟೆಗೆ ಬಂದಾಗ ನಿಲ್ಲಿಸಿ ಮೇಲೆಳೆದಳು. ತುದಿಯಿಂದ 80 ಸೆಂಟಿಮೀಟರ್ ಸುಣ್ಣ ಒದ್ದೆಯಾಗಿತ್ತು. ಅಂದರೆ ನೀರು ಕಟ್ಟೆಯಿಂದ 11.2 ಮೀಟರ್ ಕೆಳಗೆ.

"ಯವ್ವಾ, ನೀರು ಕಣ್ಣಿಗಿ ಕಾಣ್ಲತ್ತದ, ಅಳದು ಏನ್ ಮಾಡ್ತಿ?" ಅಂತ ಹೊಲದ ಯಜಮಾನರು ಕೇಳಿದರು.

"ಮಳಿ ಆದಮ್ಯಾಲ ಎಷ್ಟು ಏರ್ತದ ನೋಡ್ಬೇಕು ಮುತ್ಯಾ."

ಜನ ಸೇರಿದ್ದು ಮಾತ್ರ ತೆಂಗಿನಕಾಯಿಯ ಸುತ್ತ. ನನಗೆ ಸಂಕಟವಾಯಿತು. ಕೆಳಗೆ ನೀರಿದ್ದರೆ ಕಾಯಿ ಎದ್ದು ನಿಲ್ಲುತ್ತದೆ ಅನ್ನುವುದು ನಂಬಿಕೆ. ಅದು ನಿಲ್ಲುವುದು ನಮಗೇ ತಿಳಿಯದಂತೆ ಕೈ ಮಾಡುವ ಸಣ್ಣ ಅಲುಗಾಟದಿಂದ. ಹಾಗಾದರೆ ಕಾಯಿ ಹಿಡಿದವರು ತೋರಿಸಿದಲ್ಲಿ ಎಷ್ಟೋ ಸಲ ನೀರು ಬಿದ್ದಿದೆಯಲ್ಲ, ಅದು ಹೇಗೆ?

ಬೀದರ ಊರು ಕೂತಿರುವುದು ಜಂಬಿಟ್ಟಿಗೆ ಅನ್ನುವ ಕೆಂಪು ಕಲ್ಲಿನ ಮೇಲೆ. ಕೋಟೆಯ ಕಂದಕವನ್ನು ಕಡಿದದ್ದೂ ಇದೇ ಕಲ್ಲಿನಲ್ಲಿ. ಇದರ ಅಡಿಗೆ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಹರಿದು ಗಟ್ಟಿಯಾದ ಕರಿಕಲ್ಲಿದೆ. ಅದರ ಮೇಲ್ಭಾಗ ಮಳೆ ಬಿಸಿಲಿಗೆ ಸವೆದು ಕರಗಿ, ಕಬ್ಬಿಣ ಉಳಿದು ಕೆಂಪಾಯಿತು. ಮೈತುಂಬಾ ತೂತು. ಉಬ್ಬಿದ ಇಡ್ಲಿ ಸಾಂಬಾರ್ ಹೀರುವ ಹಾಗೆ ಮಳೆ ಹೀರುತ್ತದೆ. ಕೆಳಗೆ ಜಿಗುಟು ಮಣ್ಣು, ಕರಿಕಲ್ಲು. ನೀರು ಅಲ್ಲಿಗೆ ತಡೆಯುತ್ತದೆ. ಒದ್ದೆ ಗೋಣಿಚೀಲವನ್ನು ಪರಾತದ ಮೇಲಿಟ್ಟಂತೆ ಅನ್ನಿ. ಚೀಲದಿಂದ ಇಳಿದ ನೀರು ಪರಾತದ ಅಂಚಿನಲ್ಲಿ ಜಿನುಗುತ್ತದೆ. ಬೀದರದ ಪುಣ್ಯಕ್ಷೇತ್ರಗಳಾದ ಗುರುನಾನಕ ಝೀರಾ, ಪಾಪನಾಶದ ಒರತೆಗಳು ಇಂಥ ಅಂಚಿನವು. ಭಕ್ತಿಗೂ ಈ ವಿವರಣೆಗೂ ಜಗಳವಿಲ್ಲ.

ಇಂಥ ನೆಲದಲ್ಲಿ ಹೆಚ್ಚುಕಡಿಮೆ ಎಲ್ಲಿ ತೋಡಿದರೂ ಒಂದಿಷ್ಟು ನೀರು ಸಿಗುತ್ತದೆ. ಕಲ್ಲಿನ ಕೆಲಸಕ್ಕೆ ಕಾಯಿಗೆ ಹೆಸರು! ಬರೀ ಕರಿಕಲ್ಲಿರುವ ತಗ್ಗಿನ ಹೊಲಗಳಲ್ಲಿ ನೀರು ಬಿರುಕುಗಳಲ್ಲೇ ಜಾಸ್ತಿ. ಅಲ್ಲಿ ಸಾಲ ಮಾಡಿ ಕೊರೆಸಿದ ಬೋರು ಬರೀ ಪುಡಿ ಉಗುಳಿದಾಗ ಕಾಯಿ ಹಿಡಿದವರು ಯಾರೂ ಹತ್ತಿರ ಇರುವುದಿಲ್ಲ.

ಈ ಕಲ್ಲನ್ನು ಚೆನ್ನಾಗಿ ಓದಿದವರು ಬಹಮನಿ ಕಾಲದಲ್ಲಿದ್ದರು. 1420ರ ದಶಕದಲ್ಲಿ ಅಹ್ಮದ್ ಶಾ ರಾಜಧಾನಿಯನ್ನು ಕಲಬುರಗಿಯಿಂದ ಬೀದರಕ್ಕೆ ತಂದ. ಇರಾನಿನಿಂದ ಬಂದ ವಿದ್ಯೆಯಿಂದ ಬೀದರ ಪಕ್ಕದ ನೌಬಾದಿನಲ್ಲಿ ಕರೇಜ್, ಅಂದರೆ ಸುರಂಗ ಬಾವಿ ಮೂಡಿತು. ಸಾಲಾಗಿ ಬಾವಿಗಳು, ತಳದಲ್ಲಿ ಅವನ್ನು ಕೂಡಿಸುವ ಸ್ವಲ್ಪವೇ ಇಳಿಜಾರಿನ ಸುರಂಗ. ನೀರು ತಾನಾಗಿ ಹರಿದು ಬರುತ್ತದೆ. ಇದರ ಚೆಂದ ಇರುವುದು ಒಂದೇ ಸಂಗತಿಯಲ್ಲಿ. ಹರವಿಯ ನಡುಮಟ್ಟಕ್ಕೆ ತೂತು ಕೊರೆಯಿರಿ. ತೂತಿನ ಮೇಲಿರುವ ನೀರು ಹೊರಗೆ ಬರುತ್ತದೆ, ಕೆಳಗಿನದು ಉಳಿಯುತ್ತದೆ. ಸುರಂಗವೂ ಹಾಗೇ. ಬಡ್ಡಿ ಕೊಡುತ್ತದೆ, ಅಸಲು ಮುಟ್ಟಲು ಬಿಡುವುದಿಲ್ಲ. ಮಳೆ ಕಡಿಮೆಯಾದ ವರ್ಷ ಹರಿವೂ ಕಡಿಮೆ. ಬೋರಿಗೆ ಈ ಲಗಾಮು ಇಲ್ಲ. ನೀರು ಇಳಿದಷ್ಟೂ ಪೈಪು ಇಳಿಸುತ್ತೇವೆ.

ಸುರಂಗದ ಮಟ್ಟ ಮಾಡುತ್ತಿದ್ದ ಕೆಲಸವನ್ನು ಈಗ ಕಾನೂನು ಮಾಡಬೇಕು. ಕರ್ನಾಟಕದಲ್ಲಿ 2011ರ ಅಂತರ್ಜಲ ಕಾಯ್ದೆ ಇದೆ. ಸರ್ಕಾರ ಗುರುತಿಸಿದ ಪ್ರದೇಶಗಳಲ್ಲಿ ಬೋರ್ ಕೊರೆಯಲು ಅನುಮತಿ ಬೇಕು. ಆದರೆ ಕಾಯ್ದೆ ಓದಿದವರಿಗೆ ಕಲ್ಲು ಗೊತ್ತಿರುವುದಿಲ್ಲ, ಕಲ್ಲು ಗೊತ್ತಿರುವವರು ಗ್ರಾಮಸಭೆಗೆ ಬರುವುದಿಲ್ಲ. ಹವಾಮಾನ ಬದಲಾಗಿ ಮಳೆ ಒಮ್ಮೆಲೇ ಸುರಿದು ಓಡುವ ಈ ಕಾಲದಲ್ಲಿ ಎರಡೂ ಬಲ್ಲ ಎಳೆಯರು ನಮಗೆ ಬೇಕು. ಆ ಹುಡುಗಿ ತನ್ನ ನೋಟ್‌ಬುಕ್ ಹಿಡಿದು ಪಂಚಾಯ್ತಿಗೆ ಹೋದಳು. ಊರಿನ ಬಾವಿಗಳ ಮಟ್ಟ ಓದಿದಳು. ಕೆರೆ ಮೇಲಿನ ಕೆಂಪು ಕಲ್ಲಿನ ದಿಬ್ಬದಲ್ಲಿ ಲೇಔಟ್ ಆದರೆ ನೀರು ಇಂಗುವ ಬಾಯಿಯೇ ಮುಚ್ಚುತ್ತದೆ ಅಂದಳು. ಮೊದಲ ಸಲ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಎರಡನೇ ಸಲ ಮುತ್ಯಾ ಜೊತೆಗೆ ಹೋದರು.

ನವೆಂಬರ್‌ನಲ್ಲಿ ಮತ್ತೆ ಅದೇ ಬಾವಿ. ನೀರು 5.4 ಮೀಟರ್ ಕೆಳಗಿತ್ತು. ಆ ಅಂಕಿಯನ್ನು ಮುತ್ಯಾ ತಾವೇ ಸುಣ್ಣದಲ್ಲಿ ಕಟ್ಟೆ ಮೇಲೆ ಬರೆದರು, ಪಕ್ಕದಲ್ಲಿ ತಾರೀಖು.