ಗಡುವು ಮುಗಿದ ಮೇಲೆ ಬರುವ ರಿಟರ್ನ್: ಆನ್‌ಲೈನ್‌ನಲ್ಲಿ ಸೀರೆ ಮಾರುವವರಿಗೆ ಟಿಪ್ಪಣಿ

ಗ್ರಾಹಕರು ತಡವಾಗಿ ರಿಟರ್ನ್ ಕೇಳಿದಾಗ ನಾವು ಮೊದಲು ನೋಡುವುದು ತಾರೀಖು. ಅದಕ್ಕಿಂತ ಮೊದಲು ಕೇಳಬೇಕಾದದ್ದು, ಯಾಕೆ ವಾಪಸ್ ಕೊಡುತ್ತಿದ್ದಾರೆ ಅಂತ. ಬಣ್ಣ ಹಿಡಿಸಲಿಲ್ಲ, ಅತ್ತೆಗೆ ಇಷ್ಟ ಆಗಲಿಲ್ಲ ಅಂದರೆ ಅದು ಮನಸ್ಸು ಬದಲಾದ ಕೇಸು. ಇಲ್ಲಿ ನಮ್ಮ 7 ದಿನದ ಗಡುವು ಗಟ್ಟಿಯಾಗಿ ನಿಲ್ಲುತ್ತದೆ. ಆದರೆ ಸೆರಗಿನಲ್ಲಿ ನೇಯ್ಗೆ ಬಿಟ್ಟಿದೆ, ಫೋಟೋದಲ್ಲಿದ್ದ ಸೀರೆಯೇ ಬಂದಿಲ್ಲ ಅಂದರೆ ಲೆಕ್ಕವೇ ಬೇರೆ.

2020ರ ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳಲ್ಲಿ ಇದು ಸ್ಪಷ್ಟವಾಗಿದೆ. ಮಾಲು ದೋಷದ್ದಾಗಿದ್ದರೆ, ನಕಲಿಯಾಗಿದ್ದರೆ, ಜಾಹೀರಾತಿನಲ್ಲಿ ಹೇಳಿದಂತೆ ಇಲ್ಲದಿದ್ದರೆ, ಅಥವಾ ಹೇಳಿದ ದಿನಕ್ಕಿಂತ ತಡವಾಗಿ ತಲುಪಿದ್ದರೆ ಮಾರಾಟಗಾರ ವಾಪಸ್ ತೆಗೆದುಕೊಳ್ಳುವುದಿಲ್ಲ ಅನ್ನುವಂತಿಲ್ಲ, ಹಣ ಕೊಡುವುದಿಲ್ಲ ಅನ್ನುವಂತಿಲ್ಲ. ತಡವಾಗಿದ್ದಕ್ಕೆ ನೆರೆ, ಭೂಕಂಪದಂಥ ಕೈಮೀರಿದ ಕಾರಣ ಇದ್ದರೆ ಮಾತ್ರ ವಿನಾಯಿತಿ. "ನಾನು ಜಯನಗರದ ಮನೆಯಿಂದ ಮಾರೋಳು, ನನಗೆಲ್ಲಿ ಈ ಕಾನೂನು?" ಅಂತ ಕೇಳುವವರಿದ್ದಾರೆ. ಮನೆಯಲ್ಲಿದ್ದ ಹಳೇ ಮಿಕ್ಸಿಯನ್ನು ಒಂದು ಸಲ ಮಾರಿದರೆ ಅನ್ವಯಿಸುವುದಿಲ್ಲ, ಸರಿ. ವ್ಯಾಪಾರ ಅಂತ ಬಿಡದೆ ನಡೆಸಿದರೆ ಅನ್ವಯಿಸುತ್ತದೆ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತೇ ಇಲ್ಲ. ದೋಷದ ಮಾಲು ವಾಪಸ್ ತೆಗೆದುಕೊಂಡು ಹಣ ಕೊಡುವುದಕ್ಕೆ ಬಿಲ್ಲಿನಲ್ಲಿ ಅವಧಿ ಬರೆಯದಿದ್ದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ತಾನೇ 30 ದಿನ ಅಂತ ಲೆಕ್ಕ ಹಿಡಿಯುತ್ತದೆ. ಹಾಗಾಗಿ ಗಡುವನ್ನು ಇನ್‌ಸ್ಟಾ ಸ್ಟೋರಿಯಲ್ಲಿ ಹಾಕಿ ಸುಮ್ನಾಗಬೇಡಿ. ಸ್ಟೋರಿ ಮಾರನೇ ದಿನ ಇರುವುದಿಲ್ಲ, ಬಿಲ್ಲು ಇರುತ್ತದೆ.

ಗಡುವು ಯಾವತ್ತಿನಿಂದ ಶುರು? ಬೆಂಗಳೂರಿನಲ್ಲಿ ಜಗಳ ಹುಟ್ಟುವ ಜಾಗ ಇದು. ಟ್ರ್ಯಾಕಿಂಗ್‌ನಲ್ಲಿ ಸೋಮವಾರವೇ 'ಡೆಲಿವರ್ಡ್' ಅಂತ ಇರುತ್ತದೆ. ನಿಜಕ್ಕೂ ಪಾರ್ಸೆಲ್ ಸರ್ಜಾಪುರ ರಸ್ತೆಯ ಯಾವುದೋ ಅಪಾರ್ಟ್‌ಮೆಂಟಿನ ಗೇಟಿನಲ್ಲಿ, ಸೆಕ್ಯೂರಿಟಿಯವರ ಮೇಜಿನ ಕೆಳಗೆ ಬಿದ್ದಿರುತ್ತದೆ. ಊರಿಗೆ ಹೋದವರು ಶನಿವಾರ ಬಂದು ಬಿಚ್ಚುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ, ಟ್ರ್ಯಾಕಿಂಗೂ ಸುಳ್ಳಲ್ಲ. ಇಂಥ ಕಡೆ ಒಂದೆರಡು ದಿನ ಬಿಟ್ಟುಕೊಡುವುದು ನನಗೆ ಸರಿ ಅನಿಸುತ್ತದೆ. ಹಾಗೇ, ಗಡುವಿಗೆ ಗ್ರಾಹಕರು ಮೆಸೇಜ್ ಮಾಡಿದ ದಿನ ಲೆಕ್ಕವೋ, ಸೀರೆ ನಮ್ಮ ಕೈಸೇರಿದ ದಿನ ಲೆಕ್ಕವೋ ಅಂತಲೂ ಬರೆದಿಡಿ. ಆರನೇ ದಿನ ಹೇಳಿ ಹನ್ನೆರಡನೇ ದಿನ ಪಾರ್ಸೆಲ್ ಬಂದರೆ ಅದನ್ನು ತಡ ಅನ್ನುವುದು ನ್ಯಾಯ ಅಲ್ಲ. ಕೊರಿಯರ್ ನಿಧಾನ ಆದರೆ ಅವರೇನು ಮಾಡ್ತಾರೆ?

ವಾಪಸ್ ಬಂದ ಸೀರೆಯನ್ನು ಕಿಟಕಿ ಬೆಳಕಿನಲ್ಲಿ ಪೂರ್ತಿ ಬಿಚ್ಚಿ ನೋಡಿ. ಭುಜದ ಮೇಲೆ ನೆರಿಗೆ ಕೂರುವ ಜಾಗದಲ್ಲಿ ಪಿನ್ನಿನ ಸಣ್ಣ ತೂತು ಇದೆಯಾ? ಕೆಳಗಿನ ಅಂಚಿನಲ್ಲಿ ಫಾಲ್ ಬಿಚ್ಚಿದ ದಾರದ ಗುರುತು? ಸೆಂಟಿನ ವಾಸನೆ, ಕುಂಕುಮದ ಕಲೆ? ಮದುವೆಗೆ ಉಟ್ಟು ವಾಪಸ್ ಕಳಿಸುವವರು ಕಡಿಮೆ, ಆದರೆ ಇದ್ದಾರೆ. ಗುರುತು ಸಿಕ್ಕ ಕೂಡಲೇ ಫೋಟೋ ತೆಗೆದು ಅದನ್ನೇ ಕಳಿಸಿ. "ನೀವು ಉಟ್ಟಿದ್ದೀರಿ" ಅಂತ ಬರೆಯಬೇಡಿ. "ಭುಜದ ಹತ್ತಿರ ಪಿನ್ ತೂತು ಇದೆ, ಫೋಟೋ ನೋಡಿ" ಅಂದರೆ ಸಾಕು. ಆರೋಪ ಮಾಡಿದರೆ ಅವರು ಸೀರೆ ಬಿಟ್ಟು ಮರ್ಯಾದೆಯ ಮೇಲೆ ಜಗಳಕ್ಕೆ ನಿಲ್ಲುತ್ತಾರೆ.

ಮನಸ್ಸು ಬದಲಾಗಿ ತಡವಾಗಿ ಕೇಳಿದವರಿಗೆ ಉತ್ತರ ಹೀಗಿರಲಿ: "ನಮಸ್ಕಾರ ಮೇಡಂ. ಪಾರ್ಸೆಲ್ 4ನೇ ತಾರೀಖು ತಲುಪಿದೆ. ಬಿಲ್ಲಿನಲ್ಲಿ ಇರುವಂತೆ 7 ದಿನದ ಗಡುವು ಮುಗಿದಿದೆ, ಹಾಗಾಗಿ ಹಣ ವಾಪಸ್ ಆಗಲ್ಲ. ಫಾಲ್ ಹಾಕಿಸಿಲ್ಲ, ಉಟ್ಟಿಲ್ಲ ಅಂದ್ರೆ 20ನೇ ತಾರೀಖಿನೊಳಗೆ ಕಳಿಸಿ, ಅದೇ ಬೆಲೆಯ ಬೇರೆ ಸೀರೆ ಆರಿಸಿಕೊಳ್ಳಬಹುದು. ಕೊರಿಯರ್ ಖರ್ಚು ನಿಮ್ಮದು." ಇಲ್ಲ ಅನ್ನುವುದು ಒಂದೇ ಸಲ, ಜೊತೆಗೆ ಒಂದು ದಾರಿ, ಆ ದಾರಿಗೂ ಒಂದು ತಾರೀಖು. ಮೂರು ಪ್ಯಾರಾ ಕ್ಷಮೆ ಕೇಳಿದರೆ ಇನ್ನೂ ಎಳೆದಾಡಬಹುದು ಅಂತ ಅವರಿಗೆ ಅನಿಸುತ್ತದೆ. ದೋಷದ ಮಾಲಾದರೆ ಕೊರಿಯರ್ ಖರ್ಚು ನಾವೇ ಹಾಕಿಕೊಳ್ಳಬೇಕು, ಅದರಲ್ಲಿ ಚೌಕಾಸಿ ಬೇಡ.

"ಅನ್‌ಬಾಕ್ಸಿಂಗ್ ವಿಡಿಯೋ ಇಲ್ಲ ಅಂದ್ರೆ ರಿಟರ್ನ್ ಇಲ್ಲ" ಅಂತ ಈಗ ಎಲ್ಲರೂ ಹಾಕುತ್ತಾರೆ. ವಿಡಿಯೋ ಕೇಳುವುದು ತಪ್ಪಲ್ಲ. ಆದರೆ ವಿಡಿಯೋ ಇಲ್ಲದ ಮಾತ್ರಕ್ಕೆ ಹರಿದ ಸೀರೆ ಚೆನ್ನಾಗಿರುವ ಸೀರೆ ಆಗುವುದಿಲ್ಲ ಅಲ್ವಾ? ಅದಕ್ಕಿಂತ ನಮ್ಮ ಪ್ಯಾಕಿಂಗ್ ವಿಡಿಯೋನೇ ಜಾಸ್ತಿ ಕೆಲಸಕ್ಕೆ ಬರುತ್ತದೆ. ಸೀರೆ ಬಿಚ್ಚಿ ತೋರಿಸಿ, ಮಡಚಿ, ವಿಳಾಸದ ಚೀಟಿ ಅಂಟಿಸುವ ತನಕ ನಡುವೆ ಕಟ್ ಮಾಡದೆ ತೆಗೆಯಿರಿ. ಕೊರಿಯರ್ ರಸೀದಿಯಲ್ಲಿ ತೂಕ ಬರೆಸಿಕೊಳ್ಳಿ. ಖಾಲಿ ಡಬ್ಬಿ ಬಂತು ಅನ್ನುವವರಿಗೆ ಈ ಎರಡು ಸಾಕು.

ಹಣ ವಾಪಸ್ ಕೊಡುವಾಗ ಬಂದ ಖಾತೆಗೇ ಕಳಿಸಿ. "ಬೇರೆ ನಂಬರಿಗೆ ಹಾಕಿ", "ಈ ಕ್ಯೂಆರ್ ಸ್ಕ್ಯಾನ್ ಮಾಡಿ" ಅಂದರೆ ಅಲ್ಲೇ ನಿಲ್ಲಿಸಿ.

ಕೊನೆಗೆ, "ಕನ್ಸ್ಯೂಮರ್ ಕೋರ್ಟಿಗೆ ಹೋಗ್ತೀನಿ" ಅನ್ನುವವರು. ಹೋಗುವುದು ಅವರ ಹಕ್ಕು, ಹೆದರಿಸಬೇಡಿ, ಹೆದರಲೂಬೇಡಿ. ಮೊದಲು ಅವರು 1915 ಸಹಾಯವಾಣಿಗೆ ಫೋನ್ ಮಾಡಬಹುದು. ನಮಗೆ ಬಂದ ದೂರಿಗೆ 48 ಗಂಟೆಯೊಳಗೆ ತಲುಪಿತು ಅಂತ ಉತ್ತರ, ಒಂದು ತಿಂಗಳೊಳಗೆ ಪರಿಹಾರ ಕೊಡಬೇಕು ಅಂತ ನಿಯಮ ಇದೆ. ಗ್ರಾಹಕ ಆಯೋಗಕ್ಕೆ (ಕನ್ಸ್ಯೂಮರ್ ಕೋರ್ಟ್ ಅನ್ನುವುದು ಇದನ್ನೇ) ದೂರು ಕೊಡಲು ಅವರಿಗೆ ಎರಡು ವರ್ಷ ಅವಕಾಶ, ಅದೂ ಅವರಿರುವ ಊರಿನಲ್ಲೇ. ಕಲಬುರಗಿಯ ಗ್ರಾಹಕರು ಅಲ್ಲೇ ದೂರು ಕೊಟ್ಟರೆ ಬೆಂಗಳೂರಿನಿಂದ ನಾವು ಉತ್ತರ ಕೊಡಬೇಕಾಗುತ್ತದೆ. ಫೋನ್ ತುಂಬಿತು ಅಂತ ಪ್ಯಾಕಿಂಗ್ ವಿಡಿಯೋ, ಚಾಟ್ ಅಳಿಸುವ ಮೊದಲು ಆ ಎರಡು ವರ್ಷ ಲೆಕ್ಕ ಹಾಕಿ.