ಬಿಳಿ ಬೆಳಕಿಗೆ ಎಷ್ಟು ಬಣ್ಣ ಬೇಕು? ಏಳಾ, ಮೂರಾ, ಎರಡಾ?

ಹೈಸ್ಕೂಲಲ್ಲಿ ಪ್ರಿಸಂ ಪಾಠ ಓದಿ ಏಳು ಬಣ್ಣ ಸೇರಿದ್ರೆ ಬಿಳಿ ಅಂತ ಬಾಯಿಪಾಠ ಮಾಡಿರ್ತೀವಿ, ಆಮೇಲೆ ಇನ್ನೆಲ್ಲೋ ಕೆಂಪು ಹಸಿರು ನೀಲಿ ಮೂರೇ ಸಾಕು ಅಂತ ಓದ್ತೀವಿ, ಎಲ್‌ಇಡಿ ಬಲ್ಬಿನ ವಿಷ್ಯಕ್ಕೆ ಬಂದ್ರೆ ನೀಲಿ ಮತ್ತೆ ಹಳದಿ, ಎರಡರಲ್ಲೇ ಕೆಲ್ಸ ಮುಗ್ಸಿರ್ತಾರೆ. ಮೂರೂ ಸರಿನೇ. ಯಾಕೆ ಅಂತ ಒಂದ್ಸಲ ತಲೆಗೆ ಹೋದ್ರೆ ಈ ಟಾಪಿಕ್‌ನಲ್ಲಿ ಬೇರೇನೂ ಕಷ್ಟ ಇಲ್ಲ.

ಮೊದ್ಲು ನ್ಯೂಟನ್. ಬಿಸಿಲನ್ನ ಪ್ರಿಸಂನಲ್ಲಿ ಹಾಯಿಸಿ ಬಣ್ಣ ಬಿಡಿಸಿದ ಅನ್ನೋದಷ್ಟೇ ಎಲ್ರೂ ಬರೀತಾರೆ, ಆದ್ರೆ ಅದಕ್ಕಿಂತ ಮುಖ್ಯವಾದ್ದು ಅವನು ವಾಪಸ್ ಸೇರ್ಸಿದ್ದು. 1672ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದ ಪತ್ರದಲ್ಲಿ, ಬಿಡಿಸಿದ ಬಣ್ಣಗಳನ್ನ ಒಂದು ಲೆನ್ಸ್ ಇಟ್ಟು ಒಂದೇ ಕಡೆ ಕೂಡೋ ಹಾಗೆ ಮಾಡಿದ್ರೆ ಮತ್ತೆ ಬಿಳಿ ಬರುತ್ತೆ ಅಂತ ಹೇಳಿದ. ಅಷ್ಟೇ ಅಲ್ಲ, ಲೆನ್ಸಿನ ಹತ್ರ ಯಾವುದಾದ್ರೂ ಒಂದು ಬಣ್ಣಕ್ಕೆ ಅಡ್ಡ ಹಿಡಿದ್ರೆ ಆ ಬಿಳಿ ಹೋಗಿ ಬೇರೆ ಬಣ್ಣ ಆಗುತ್ತೆ ಅಂತಾನೂ ತೋರಿಸ್ದ. ಪ್ರಿಸಂ ತನ್ನ ಕಡೆಯಿಂದ ಬಣ್ಣ ಸೇರಿಸ್ತಿಲ್ಲ, ಬಣ್ಣ ಬಿಸಿಲಲ್ಲೇ ಇತ್ತು ಅನ್ನೋಕೆ ಇದೇ ಸಾಕ್ಷಿ.

ಈಗ ಮೂರರ ಕಥೆ. ಇದು ಬೆಳಕಿನ ವಿಷ್ಯಕ್ಕಿಂತ ಜಾಸ್ತಿ ನಮ್ಮ ಕಣ್ಣಿನ ವಿಷ್ಯ. ರೆಟಿನಾದಲ್ಲಿ ಬಣ್ಣ ಗುರುತಿಸೋ ಕೋನ್ ಕೋಶಗಳು ಮೂರು ಥರ ಇವೆ, ಒಂದು ಸುಮಾರು 420 ನ್ಯಾನೋಮೀಟರ್ ತರಂಗದೂರದ, ಅಂದ್ರೆ ನೀಲಿ ಕಡೆಯ ಬೆಳಕಿಗೆ, ಇನ್ನೊಂದು 530ಕ್ಕೆ, ಮತ್ತೊಂದು 560ಕ್ಕೆ ಜಾಸ್ತಿ ಸ್ಪಂದಿಸುತ್ತೆ. ಬಂದಿರೋ ಬೆಳಕಲ್ಲಿ ಯಾವ್ಯಾವ ತರಂಗದೂರ ಎಷ್ಟೆಷ್ಟಿದೆ ಅನ್ನೋ ಪೂರ್ತಿ ಲಿಸ್ಟ್ ಮೆದುಳಿಗೆ ಸಿಗೋದೇ ಇಲ್ಲ, ಸಿಗೋದು ಈ ಮೂರು ಕೋಶಗಳ ಲೆಕ್ಕ ಮಾತ್ರ. ಬಿಸಿಲು ಬಿದ್ದಾಗ ಮೂರೂ ಯಾವ ಅನುಪಾತದಲ್ಲಿ ಕೆರಳುತ್ವೋ ಅದೇ ಅನುಪಾತದಲ್ಲಿ ಬೇರೆ ಯಾವ ಬೆಳಕು ಕೆರಳಿಸಿದ್ರೂ ನಮಗೆ ಅದು ಬಿಳಿನೇ.

ಮೊಬೈಲ್ ಮಾಡೋದೂ ಇದೇ. ಬಿಳಿ ಪೇಜ್ ಓಪನ್ ಮಾಡಿ ಸ್ಕ್ರೀನ್ ಮೇಲೆ ಸಾಸಿವೆ ಕಾಳಷ್ಟು ನೀರಿನ ಹನಿ ಬಿಟ್ಟು ನೋಡಿ, ಹನಿನೇ ಲೆನ್ಸ್ ಆಗಿ ಒಳಗಡೆ ಕೆಂಪು, ಹಸಿರು, ನೀಲಿ ಚುಕ್ಕಿಗಳು ಕಾಣ್ತವೆ, ಬಿಳಿ ಚುಕ್ಕಿ ಒಂದೂ ಸಿಗಲ್ಲ. ಇಲ್ಲೊಂದು ತಮಾಷೆ ಇದೆ, ಮೂರೂ ಫುಲ್ ಉರೀತಿದ್ರೂ ಮೂರೂ ಸಮ ಪ್ರಕಾಶ ಕೊಡ್ತಿಲ್ಲ. ಸಾಮಾನ್ಯ ಡಿಸ್‌ಪ್ಲೇ ಸ್ಟ್ಯಾಂಡರ್ಡ್ ಪ್ರಕಾರ ಬಿಳಿಯ ಪ್ರಕಾಶದಲ್ಲಿ ಹಸಿರಿನ ಪಾಲೇ ಸುಮಾರು 72%, ಕೆಂಪು 21%, ನೀಲಿ ಬರೀ 7%, ಯಾಕಂದ್ರೆ ನಮ್ಮ ಕಣ್ಣು ಹಸಿರಿನ ಕಡೆ, ಹಗಲಲ್ಲಿ 555 ನ್ಯಾನೋಮೀಟರ್ ಹತ್ರ, ತುಂಬಾ ಚುರುಕು.

ಎರಡರ ಲೆಕ್ಕ ಇಲ್ಲಿಂದ ಸಲೀಸು. ಹಳದಿ ಬೆಳಕು ಬಿದ್ರೆ 530ರ ಕೋಶ, 560ರ ಕೋಶ ಎರಡೂ ಕೆರಳ್ತವೆ, ಉಳಿಯೋದು ನೀಲಿ ಕಡೆಯದ್ದೊಂದೇ, ಅದಕ್ಕೆ ಒಂದಿಷ್ಟು ನೀಲಿ ಕೊಟ್ರೆ ಮೂರೂ ಆಯ್ತಲ್ಲ! ಮನೇಲಿರೋ ಬಿಳಿ ಎಲ್‌ಇಡಿ ಬಲ್ಬ್ ಒಳಗೆ ಸಾಮಾನ್ಯವಾಗಿ ಇರೋದು ಸುಮಾರು 450 ನ್ಯಾನೋಮೀಟರಿನ ನೀಲಿ ಎಲ್‌ಇಡಿ, ಮೇಲೆ ಹಳದಿ ಫಾಸ್ಫರ್ ಲೇಪ. ಆಫ್ ಆಗಿರೋ ಎಲ್‌ಇಡಿ ಚಿಪ್ ನೋಡಿದ್ರೆ ಮೊಟ್ಟೆಯ ಹಳದಿ ಥರ ಕಾಣೋದು ಈ ಲೇಪನೇ. ನೀಲಿಯಲ್ಲಿ ಸ್ವಲ್ಪ ಹಾಗೇ ಹೊರಗೆ ಬರುತ್ತೆ, ಉಳಿದದ್ದನ್ನ ಫಾಸ್ಫರ್ ಹೀರ್ಕೊಂಡು ಹಳದಿಯಾಗಿ ಬಿಡುತ್ತೆ. ಪ್ರಖರವಾದ ನೀಲಿ ಎಲ್‌ಇಡಿ ಸಿಗೋವರೆಗೂ ಇದು ಸಾಧ್ಯನೇ ಇರ್ಲಿಲ್ಲ, ಅದಕ್ಕೇ ಅದನ್ನ ಮಾಡಿ ತೋರಿಸಿದ ವಿಜ್ಞಾನಿಗಳಾದ ಅಕಸಾಕಿ, ಅಮಾನೊ, ನಕಾಮುರಾ ಮೂವರಿಗೂ 2014ರ ಫಿಸಿಕ್ಸ್ ನೊಬೆಲ್ ಬಂತು.

ಕೂಡಿಸೋದನ್ನ ಕಣ್ಣಾರೆ ನೋಡ್ಬೇಕಾದ್ರೆ ಮೂರು ಟಾರ್ಚಿಗೆ ಕೆಂಪು, ಹಸಿರು, ನೀಲಿ ಜಿಲೇಟಿನ್ ಪೇಪರ್ ಕಟ್ಟಿ, ಸ್ವಲ್ಪ ದೂರ ದೂರ ಇಟ್ಟು, ಕತ್ತಲೆ ರೂಮಲ್ಲಿ ಬಿಳಿ ಗೋಡೆಯ ಒಂದೇ ಜಾಗಕ್ಕೆ ಬಿಡಿ. ಪೇಪರ್ ಚೆನ್ನಾಗಿಲ್ದಿದ್ರೆ ಬಿಳಿ ಸ್ವಲ್ಪ ಹಳದಿನೋ ಗುಲಾಬಿನೋ ಹೊಡೆಯುತ್ತೆ, ಪರ್ವಾಗಿಲ್ಲ. ಈಗ ಮಧ್ಯೆ ಒಂದು ಪೆನ್ಸಿಲ್ ಹಿಡೀರಿ. ಕಪ್ಪು ನೆರಳು ಬರ್ಬೇಕಿತ್ತು ತಾನೆ? ಬರೋದು ಬಣ್ಣದ ಮೂರು ನೆರಳು. ಕೆಂಪು ಟಾರ್ಚಿನ ಬೆಳಕು ತಡೆದ ಜಾಗಕ್ಕೆ ಹಸಿರು ನೀಲಿ ಎರಡೇ ತಲುಪಿ ಅದು ಸಯಾನ್, ಹಸಿರು ತಡೆದಲ್ಲಿ ಮಜೆಂಟಾ, ನೀಲಿ ತಡೆದಲ್ಲಿ ಹಳದಿ. ಪೂರಕ ವರ್ಣ (ಸೇರಿದ್ರೆ ಬಿಳಿ ಆಗೋ ಜೋಡಿ ಬಣ್ಣ) ಅಂತ ಟೇಬಲ್ ಹಾಕಿ ಉರು ಹೊಡೆಯೋ ಬದಲು ಇದನ್ನ ಒಂದ್ಸಲ ಮಾಡಿ ನೋಡಿ, ಮರೆಯಲ್ಲ.

ಪೇಂಟ್ ಕಲ್ಸಿದ್ರೆ ಯಾಕೆ ಬಿಳಿ ಬರಲ್ಲ ಅಂತ ಕೇಳೇ ಕೇಳ್ತಾರೆ: ಪೇಂಟ್ ಬೆಳಕನ್ನ ಹೀರೋ ವಸ್ತು, ಜಾಸ್ತಿ ಕಲ್ಸಿದಷ್ಟೂ ಜಾಸ್ತಿ ಹೀರುತ್ತೆ, ಕೊನೆಗೆ ಕೊಳಕು ಕಂದು. ಏಳು ಬಣ್ಣ ಬಳಿದ ತಟ್ಟೆ, ಅಂದ್ರೆ ನ್ಯೂಟನ್ ಡಿಸ್ಕ್, ತಿರುಗಿಸಿದಾಗ ಅಚ್ಚ ಬಿಳಿ ಬರದೆ ಬೂದು ಬರೋದೂ ಅದಕ್ಕೇ, ಅದು ನಿಮ್ಮ ಮಾಡೆಲ್ ತಪ್ಪಲ್ಲ.

ಕಣ್ಣಿಗೆ ಎಲ್ಲಾ ಬಿಳಿಯೂ ಒಂದೇ, ಬಟ್ಟೆಗೆ ಹಾಗಲ್ಲ. ಹಳೇ ಸಿಡಿ ಒಂದ್ರಲ್ಲಿ ಬಲ್ಬಿನ ಪ್ರತಿಬಿಂಬವನ್ನ ಓರೆಯಾಗಿ ನೋಡಿ, ಎಲ್‌ಇಡಿ ಆದ್ರೆ ನೀಲಿ ಜೋರಾಗಿದ್ದು ಅದರ ಪಕ್ಕ ಸಯಾನ್ ಜಾಗ ಮಂಕಾಗಿರುತ್ತೆ, ಸಿಎಫ್‌ಎಲ್ ಆದ್ರೆ ಬಣ್ಣಗಳು ತುಂಡು ತುಂಡಾಗಿ ಬೇರೆಬೇರೆ ನಿಂತಿರ್ತವೆ. ಅಗ್ಗದ ಎಲ್‌ಇಡಿಯಲ್ಲಿ ಗಾಢ ಕೆಂಪು ಕಮ್ಮಿ, ಇಲ್ಲದ ಬೆಳಕನ್ನ ಸೀರೆ ಎಲ್ಲಿಂದ ವಾಪಸ್ ಕಳಿಸ್ಬೇಕು, ಹಾಗಾಗಿ ಮರೂನ್ ಸೀರೆ ಅಂಗಡಿ ಒಳಗೆ ಡಲ್ಲಾಗಿ ಕಂಡು ಬಾಗಿಲ ಹತ್ರ ಬಿಸಿಲಿಗೆ ತಂದ್ರೆ ಕಳೆಯೇ ಬೇರೆ. ಬಲ್ಬ್ ಡಬ್ಬಿ ಮೇಲೆ ಸಿಆರ್‌ಐ 80, 90 ಅಂತ ಹಾಕಿರೋದು ಆ ಬೆಳಕಲ್ಲಿ ವಸ್ತುಗಳ ಬಣ್ಣ ಎಷ್ಟು ಸಹಜವಾಗಿ ಕಾಣುತ್ತೆ ಅನ್ನೋದರ ಅಳತೆನೇ, ಗರಿಷ್ಠ 100.