ಬೆಟ್ಟದ ಸಿಂಹ ಎದುರಾದರೆ ಓಡಬೇಕಾ, ಸತ್ತ ಹಾಗೆ ಮಲಗಬೇಕಾ?

ಪ್ರಶ್ನೆ: ನನ್ನ ತಮ್ಮ ಅಮೆರಿಕದ ಕೊಲರಾಡೊದಲ್ಲಿ ಕೆಲಸದಲ್ಲಿದ್ದಾನೆ. ಸೆಪ್ಟೆಂಬರ್‌ನಲ್ಲಿ ಆಫೀಸಿನ ಗೆಳೆಯರ ಜೊತೆ ಬಿಲ್ಲು ಹಿಡಿದು ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಗೆ ಕಾಡಿಗೆ ಹೋಗುತ್ತಾನಂತೆ. ಅಲ್ಲಿ ಮೌಂಟನ್ ಲಯನ್ ಇದೆ ಎಂದು ಕೇಳಿದಾಗಿನಿಂದ ಅಮ್ಮನಿಗೆ ನಿದ್ದೆ ಇಲ್ಲ. ಅದು ಎದುರಾದರೆ ಓಡಬೇಕಾ, ಸತ್ತ ಹಾಗೆ ಮಲಗಬೇಕಾ? ಕೈಯಲ್ಲಿ ಆಯುಧ ಇದ್ದರೆ ಹೊಡೆಯಬಹುದಾ?

ಉತ್ತರ: ಓಡಲೂಬಾರದು, ಮಲಗಲೂಬಾರದು. ಮುಖ ಕೊಟ್ಟು ನಿಲ್ಲಬೇಕು. ಜೋರಾಗಿ ಕೂಗಬೇಕು. ಕಣ್ಣು ತೆಗೆಯದೆ ನಿಧಾನಕ್ಕೆ ಹಿಂದೆ ಸರಿಯಬೇಕು. ಮೈಮೇಲೆ ಬಿದ್ದೇಬಿಟ್ಟರೆ ಕೈಗೆ ಸಿಕ್ಕಿದ್ದರಲ್ಲಿ ಹೊಡೆಯಬೇಕು. ಇಡೀ ಉತ್ತರ ಅಮೆರಿಕದಲ್ಲಿ ನೂರು ವರ್ಷಕ್ಕೂ ಜಾಸ್ತಿ ಕಾಲದಲ್ಲಿ ಈ ಪ್ರಾಣಿಯಿಂದ ಸತ್ತವರು ಮೂವತ್ತರ ಆಸುಪಾಸು. ಅಮ್ಮನಿಗೆ ಮೊದಲು ಇದನ್ನು ಹೇಳಿ. ಆಮೇಲೆ ತಮ್ಮನಿಗೆ ಉಳಿದದ್ದನ್ನು ಓದಿಸಿ. ಯಾಕೆಂದರೆ ಅವನು ಸುಮ್ನೆ ನಡೆಯೋದಕ್ಕೆ ಹೋಗುತ್ತಿಲ್ಲ, ಬೇಟೆಗೆ ಹೋಗುತ್ತಿದ್ದಾನೆ. ಆ ವ್ಯತ್ಯಾಸ ಸಣ್ಣದಲ್ಲ.

ಸಿಂಹ ಅನ್ನೋದು ಹೆಸರಿಗೆ ಮಾತ್ರ. ಪ್ಯೂಮಾ, ಕೂಗರ್ ಅನ್ನುವುದೂ ಇದನ್ನೇ. ಇದಕ್ಕೆ ಗರ್ಜಿಸಲು ಬರುವುದಿಲ್ಲ. ಮನೆಯ ಬೆಕ್ಕಿನ ಹಾಗೆ ಗುರ್‌ಗುರ್ ಅನ್ನುತ್ತದೆ. ದೊಡ್ಡ ಗಂಡು 50ರಿಂದ 70 ಕಿಲೋ ತೂಗುತ್ತದೆ. ಹೆಚ್ಚೂಕಡಿಮೆ ನಮ್ಮ ಚಿರತೆಯಷ್ಟೇ. ಬೇಟೆಯ ರೀತಿಯೂ ಚಿರತೆಯದೇ: ಹೊಂಚು ಹಾಕುವುದು, ಹಿಂದಿನಿಂದ ಹತ್ತಿರ ಬರುವುದು, ಒಂದೇ ನೆಗೆತಕ್ಕೆ ಕುತ್ತಿಗೆಗೆ ಬಾಯಿ ಹಾಕುವುದು. ಅದರ ಮುಖ್ಯ ಊಟ ಜಿಂಕೆ.

ಹೊಂಚು ಹಾಕುವ ಪ್ರಾಣಿಗೆ ತಾನು ಕಾಣಿಸಿಕೊಂಡೆ ಎಂದು ಗೊತ್ತಾದರೆ ಅರ್ಧ ಆಟ ಮುಗಿದಂತೆ. ಸುಂದರಬನದಲ್ಲಿ 1986ರ ಸುಮಾರಿಗೆ ಕಾಡಿಗೆ ಹೋಗುವವರು ತಲೆಯ ಹಿಂಭಾಗಕ್ಕೆ ಮನುಷ್ಯನ ಮುಖವಾಡ ಕಟ್ಟಿಕೊಳ್ಳಲು ಶುರು ಮಾಡಿದ್ದು ಇದೇ ಯೋಚನೆಯಿಂದ. ಹಿಂದಿನಿಂದ ಬಂದ ಹುಲಿಗೂ ಮುಖವೇ ಕಾಣಲಿ ಅಂತ. ಬೆಟ್ಟದ ಸಿಂಹದ ಮುಂದೆ ಬೆನ್ನು ತಿರುಗಿಸಿ ಓಡಿದರೆ ನಾವೇ ಜಿಂಕೆ ಆಗುತ್ತೇವೆ. ಬೆಕ್ಕಿನ ಮುಂದೆ ದಾರದ ಉಂಡೆ ಉರುಳಿಸಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಸತ್ತ ಹಾಗೆ ಮಲಗುವ ಮಾತು ಬಂದಿರುವುದು ಕರಡಿಯಿಂದ. ಗ್ರಿಜ್ಲಿ ಕರಡಿ ಮರಿಗಾಗಿ ಹೆದರಿ ಮೇಲೆ ಬಿದ್ದಾಗ ಅಲುಗಾಡದೆ ಬೋರಲು ಮಲಗಿದರೆ, ಅಪಾಯ ತಪ್ಪಿತು ಎಂದು ಅದು ಬಿಟ್ಟು ಹೋಗುವ ಸಾಧ್ಯತೆ ಇದೆ. ಬೆಟ್ಟದ ಸಿಂಹ ಮೇಲೆ ಬೀಳುವುದು ಹೆಚ್ಚಾಗಿ ತಿನ್ನುವುದಕ್ಕೆ. ಅದರ ಮುಂದೆ ಮಲಗಿದರೆ ಅದರ ಕೆಲಸವನ್ನು ನಾವೇ ಮುಗಿಸಿಕೊಟ್ಟಂತೆ. ಈ ಎರಡು ಬುದ್ಧಿಮಾತು ಕಲಸಿಹೋಗಿರುವುದು ನೋಡಿದರೆ ನನಗೆ ನಿಜಕ್ಕೂ ಭಯವಾಗುತ್ತದೆ. ದಯವಿಟ್ಟು ಬೇರೆ ಬೇರೆಯಾಗಿಯೇ ನೆನಪಿಡಿ.

ತಿರುಗಿ ನಿಂತವರು ಉಳಿದ ಉದಾಹರಣೆ ಸಾಕಷ್ಟಿವೆ. 2019ರ ಫೆಬ್ರವರಿಯಲ್ಲಿ ಕೊಲರಾಡೊದ ಫೋರ್ಟ್ ಕಾಲಿನ್ಸ್ ಹತ್ತಿರ ಬೆಟ್ಟದಲ್ಲಿ ಓಡುತ್ತಿದ್ದ ಒಬ್ಬರ ಮೇಲೆ ಒಂದು ಮರಿ ಸಿಂಹ ಎರಗಿತು. ಮಣಿಕಟ್ಟು ಕಚ್ಚಿ ಹಿಡಿದಿದ್ದ ಅದನ್ನು ಅವರು ನೆಲಕ್ಕೆ ಒತ್ತಿ, ಕುತ್ತಿಗೆಯ ಮೇಲೆ ಕಾಲಿಟ್ಟು ಉಸಿರು ನಿಲ್ಲಿಸಿದರು. 2024ರ ಫೆಬ್ರವರಿಯಲ್ಲಿ ವಾಷಿಂಗ್ಟನ್ ರಾಜ್ಯದಲ್ಲಿ ಐವರು ಹೆಂಗಸರು ಸೈಕಲ್ ತುಳಿಯುತ್ತಿದ್ದಾಗ ಒಬ್ಬಾಕೆಯ ದವಡೆಗೆ ಸಿಂಹ ಬಾಯಿ ಹಾಕಿತು. ಉಳಿದ ನಾಲ್ವರು ಓಡಿಹೋಗಲಿಲ್ಲ. ಕಲ್ಲಲ್ಲಿ, ಕೈಯಲ್ಲಿ ಹೊಡೆದು ಬಿಡಿಸಿದರು. ಆಮೇಲೆ ಸೈಕಲ್ಲನ್ನೇ ಅದರ ಮೇಲೆ ಹಾಕಿ, ಅಧಿಕಾರಿ ಬರುವವರೆಗೂ ಒತ್ತಿ ಹಿಡಿದರು.

ಎಲ್ಲರಿಗೂ ಹೀಗಾಗಲಿಲ್ಲ. ಅದೇ ವರ್ಷ ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯಾದ ಎಲ್ ಡೊರಾಡೊ ಕೌಂಟಿಯಲ್ಲಿ, ಉದುರಿದ ಜಿಂಕೆ ಕೊಂಬು ಹುಡುಕಲು ಹೋಗಿದ್ದ ಇಬ್ಬರು ಅಣ್ಣತಮ್ಮಂದಿರ ಮೇಲೆ ಸಿಂಹ ಬಿತ್ತು. ಇಪ್ಪತ್ತೊಂದು ವರ್ಷದ ಅಣ್ಣ ಉಳಿಯಲಿಲ್ಲ. ಹೋರಾಡಿದರೆ ಖಂಡಿತ ಉಳಿಯುತ್ತೇವೆ ಎಂದು ನಾನು ಹೇಳಲಾರೆ. ಹೋರಾಡದಿದ್ದರೆ ಉಳಿಯುವುದು ಇನ್ನೂ ಕಷ್ಟ, ಅಷ್ಟೇ.

ಎದುರಾದದ್ದು ಎಂಥ ಸಿಂಹ ಎಂದು ಗುರುತಿಸುವುದೂ ಮುಖ್ಯ. 2020ರ ಅಕ್ಟೋಬರ್‌ನಲ್ಲಿ ಯೂಟಾದ ಪ್ರೋವೊ ಹತ್ತಿರ ಒಬ್ಬ ಓಟಗಾರನನ್ನು ತಾಯಿ ಸಿಂಹವೊಂದು ಆರು ನಿಮಿಷ ಹಿಂಬಾಲಿಸಿದ ವಿಡಿಯೋ ನೀವೂ ನೋಡಿರಬಹುದು. ಮುಂಗಾಲು ನೆಲಕ್ಕೆ ಬಡಿದು ನುಗ್ಗುತ್ತದೆ, ನಿಲ್ಲುತ್ತದೆ, ಮತ್ತೆ ನುಗ್ಗುತ್ತದೆ. ಅದು ತಿನ್ನಲು ಬಂದದ್ದಲ್ಲ, ಮರಿಗಳಿಂದ ದೂರ ಕಳಿಸಲು ಬಂದದ್ದು. ಆತ ಮುಖ ತಿರುಗಿಸದೆ, ಬೈಯುತ್ತಾ, ಹಿಂದೆ ಹಿಂದೆ ನಡೆದ. ಕೊನೆಗೆ ಒಂದು ಕಲ್ಲು ಎಸೆದದ್ದೇ ಅದು ಓಡಿತು. ತಿನ್ನಲು ಬರುವ ಸಿಂಹ ಇಷ್ಟು ಸದ್ದು ಮಾಡುವುದಿಲ್ಲ. ಹೊಟ್ಟೆ ನೆಲಕ್ಕೆ ತಾಗಿಸಿ, ದಿಟ್ಟಿಸಿ ನೋಡುತ್ತದೆ. ಬಾಲದ ತುದಿ ಆಡುತ್ತಿರುತ್ತದೆ. ಹಿಂಗಾಲು ನೆಲ ತುಳಿಯುತ್ತಿದ್ದರೆ ನೆಗೆಯುವುದಕ್ಕೆ ಕ್ಷಣವಷ್ಟೇ ಬಾಕಿ. ಆಗ ಕೂಗು ಇನ್ನೂ ಜೋರಾಗಬೇಕು, ಜಾಕೆಟ್ ಬಿಚ್ಚಿ ತಲೆಯ ಮೇಲೆ ಹರಡಬೇಕು. ಬೇರ್ ಸ್ಪ್ರೇ, ಅಂದರೆ ಕರಡಿ ಓಡಿಸುವ ಖಾರದ ಸ್ಪ್ರೇ ಇದ್ದರೆ, ಸಿಂಹ ಇಪ್ಪತ್ತು ಮೂವತ್ತು ಅಡಿಯೊಳಗೆ ಬಂದಾಗ ಒತ್ತಬೇಕು. ಹೆಸರು ಕರಡಿಯದಾದರೂ ಸಿಂಹಕ್ಕೂ ಆಗುತ್ತದೆ. ಬ್ಯಾಗಿನೊಳಗೆ ಇಟ್ಟರೆ ಏನೂ ಪ್ರಯೋಜನವಿಲ್ಲ, ಸೊಂಟದಲ್ಲೇ ಇರಬೇಕು.

ಈಗ ಬೇಟೆಯ ಮಾತು. ಎಲ್ಕ್ ಅಂದರೆ ನಮ್ಮ ಕಡವೆಗಿಂತ ದೊಡ್ಡ ಜಿಂಕೆ. ಕೊಲರಾಡೊದಲ್ಲಿ ಬಿಲ್ಲಿನ ಬೇಟೆ ಸೆಪ್ಟೆಂಬರ್‌ನಲ್ಲಿ, ಎಲ್ಕ್‌ಗಳು ಜೋಡಿ ಹುಡುಕುವ ಕಾಲದಲ್ಲಿ. ಬೇಟೆಗಾರ ಹತ್ತಿರದಿಂದ ಬಾಣ ಬಿಡಬೇಕು. ಅದಕ್ಕೆ ಅವನು ಏನು ಮಾಡುತ್ತಾನೆ ನೋಡಿ. ಎಲೆ, ತೊಗಟೆಯ ಬಣ್ಣದ ಬಟ್ಟೆ ಹಾಕುತ್ತಾನೆ. ತನ್ನ ಮೈವಾಸನೆ ಅಡಗಿಸುತ್ತಾನೆ. ಬೆಳಗಿನ ಜಾವ, ಮುಸ್ಸಂಜೆ ಪೊದೆಯ ಪಕ್ಕ ಬಗ್ಗಿ ಕೂರುತ್ತಾನೆ. ಸಣ್ಣ ಪೀಪಿಯಲ್ಲಿ ಹೆಣ್ಣು ಎಲ್ಕ್‌ನ ಹಾಗೆ ಕೂಗುತ್ತಾನೆ. ಸಿಂಹ ಊಟಕ್ಕೆ ಹೊರಡುವ ಹೊತ್ತಿನಲ್ಲಿ, ಅದು ಓಡಾಡುವ ಜಾಗದಲ್ಲಿ, ಅದರ ಊಟದ ದನಿಯಲ್ಲೇ ಅದನ್ನು ಕರೆದಂತಾಯಿತು, ಅಲ್ವಾ? ಹೀಗೆ ಕೂತವರ ಹಿಂದೆ ಸಿಂಹ ಬಂದು ನಿಂತ ಪ್ರಸಂಗ ಆ ಕಡೆಯ ಬೇಟೆಗಾರರಲ್ಲಿ ಹೊಸದಲ್ಲ. ಹೆಚ್ಚಿನ ಸಲ ಅದು ಮನುಷ್ಯನನ್ನು ಹುಡುಕಿ ಬಂದಿರುವುದಿಲ್ಲ. ಎಲ್ಕ್ ಇದೆ ಅಂದುಕೊಂಡು ಬಂದಿರುತ್ತದೆ.

ಹಾಗಾಗಿ ನಿಮ್ಮ ತಮ್ಮ ಪೀಪಿ ಊದುವಾಗ ಬೆನ್ನಿಗೆ ದಪ್ಪ ಮರವೋ ಬಂಡೆಯೋ ಇರಲಿ. ಜೊತೆಗಾರ ಇದ್ದರೆ ಒಬ್ಬರು ಮುಂದೆ, ಒಬ್ಬರು ಹಿಂದೆ ನೋಡಲಿ. ಸಿಂಹ ಕಂಡ ತಕ್ಷಣ ಅಂದಿನ ಬೇಟೆ ಮುಗಿಯಿತು ಎಂದುಕೊಂಡು ಎದ್ದು ನಿಂತು, ಮನುಷ್ಯನ ದನಿಯಲ್ಲಿ ಮಾತಾಡಬೇಕು. ಈ ದನಿಯ ವಿಷಯ ಸುಮ್ನೆ ಹೇಳುತ್ತಿಲ್ಲ. ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಜ್ ಬೆಟ್ಟಗಳಲ್ಲಿ ಸಂಶೋಧಕರು, ಸಿಂಹ ಕೊಂದ ಜಿಂಕೆಯ ಪಕ್ಕ ಸ್ಪೀಕರ್ ಇಟ್ಟು ಒಮ್ಮೆ ಮನುಷ್ಯರ ಮಾತು, ಒಮ್ಮೆ ಕಪ್ಪೆ ಕೂಗು ಕೇಳಿಸಿದರು. ಕಪ್ಪೆಗೆ ಅವು ಹೆಚ್ಚೂಕಡಿಮೆ ಕಿವಿಗೊಡಲೇ ಇಲ್ಲ. ಮಾತು ಕೇಳಿದಾಗ ಹೆಚ್ಚಿನವು ಊಟ ಬಿಟ್ಟು ಓಡಿದವು. 2017ರಲ್ಲಿ ಪ್ರಕಟವಾದ ಈ ಕೆಲಸವನ್ನು ಓದಿದ ಮೇಲೆ ನನ್ನ ಮನಸ್ಸು ಎಷ್ಟೋ ಹಗುರಾಯಿತು. ಅವು ನಮಗೆ ಅಷ್ಟೊಂದು ಹೆದರುತ್ತವೆ.

ಅದೇ ಬೆಟ್ಟಗಳ ತಪ್ಪಲಲ್ಲಿ ಕ್ಯುಪರ್ಟಿನೊ ಇದೆ, ನಮ್ಮವರು ಎಷ್ಟೋ ಜನ ಇರುವ ಊರು. ಪಕ್ಕದ ರಾಂಚೊ ಸ್ಯಾನ್ ಆಂಟೋನಿಯೊ ಕಾಡಿನಲ್ಲಿ 2020ರ ಫೆಬ್ರವರಿಯಲ್ಲಿ ಆರು ವರ್ಷದ ಹುಡುಗಿಯ ಮೇಲೆ ಸಿಂಹ ಬಿತ್ತು. ಜೊತೆಗಿದ್ದ ದೊಡ್ಡವರೊಬ್ಬರು ಅದನ್ನು ತಳ್ಳಿ ಓಡಿಸಿದರು, ಮಗು ಸಣ್ಣ ಗಾಯದಲ್ಲಿ ಉಳಿಯಿತು. ಮಕ್ಕಳನ್ನು ಕರೆದುಕೊಂಡು ಅಲ್ಲಿ ನಡೆಯುವವರು ಮಕ್ಕಳನ್ನು ಮುಂದೆ ಓಡಲು ಬಿಡಬೇಡಿ. ಸಿಂಹ ಕಂಡರೆ ಬಗ್ಗದೆ, ಬೆನ್ನು ತಿರುಗಿಸದೆ ಮಗುವನ್ನು ಎತ್ತಿಕೊಳ್ಳಿ.

ಇನ್ನು ಹೊಡೆಯಬಹುದಾ ಅನ್ನುವ ಪ್ರಶ್ನೆ. ಪ್ರಾಣಕ್ಕೆ ಬಂದಾಗ ಹೊಡೆಯಬಹುದು, ಆದರೆ ಕೂಡಲೇ ವನ್ಯಜೀವಿ ಇಲಾಖೆಗೆ ತಿಳಿಸಬೇಕು. ಕಂಡಿತು ಎಂದು ಹೊಡೆಯುವಂತಿಲ್ಲ. ಎಲ್ಕ್ ಲೈಸೆನ್ಸ್ ಸಿಂಹಕ್ಕೆ ನಡೆಯುವುದಿಲ್ಲ. ಕೊಲರಾಡೊದಲ್ಲಿ ಸಿಂಹದ ಬೇಟೆಗೆ ಬೇರೆಯೇ ಲೈಸೆನ್ಸ್ ಬೇಕು, ಅದಕ್ಕೊಂದು ಪರೀಕ್ಷೆ ಪಾಸಾಗಬೇಕು. ಗಂಡು ಹೆಣ್ಣು ಗುರುತಿಸುವುದನ್ನೂ ಅಲ್ಲಿ ಕಲಿಸುತ್ತಾರೆ. ಮರಿ ಜೊತೆಗಿರುವ ತಾಯಿಯನ್ನು ಕೊಲ್ಲುವಂತಿಲ್ಲ. ಆ ಬೇಟೆ ಶುರುವಾಗುವುದೇ ನವೆಂಬರ್ ಕೊನೆಗೆ. ಹಿಮದ ಮೇಲೆ ಹೆಜ್ಜೆ ಹಿಡಿದು ನಾಯಿಗಳು ಸಿಂಹವನ್ನು ಮರ ಹತ್ತಿಸುತ್ತವೆ. ಇದನ್ನು ನಿಲ್ಲಿಸಬೇಕಾ ಎಂದು 2024ರ ನವೆಂಬರ್‌ನಲ್ಲಿ ಜನರ ಮತ ಕೇಳಿದರು. ನಿಲ್ಲಿಸುವುದು ಬೇಡ ಎಂದವರೇ ಗೆದ್ದರು. ಕ್ಯಾಲಿಫೋರ್ನಿಯಾದಲ್ಲಿ ಉಲ್ಟಾ. ಅಲ್ಲಿ 1907ರಿಂದ 1963ರವರೆಗೆ ಸಿಂಹ ಕೊಂದವರಿಗೆ ಸರ್ಕಾರವೇ ಹಣ ಕೊಡುತ್ತಿತ್ತು. 1990ರಲ್ಲಿ ಜನರೇ ಮತ ಹಾಕಿ ಬೇಟೆಯನ್ನು ಶಾಶ್ವತವಾಗಿ ನಿಷೇಧಿಸಿದರು. 1994ರಲ್ಲಿ ಇಬ್ಬರು ಹೆಂಗಸರು ಸಿಂಹಕ್ಕೆ ಬಲಿಯಾದರು. ಎರಡು ವರ್ಷದ ನಂತರ ಆ ರಕ್ಷಣೆ ತೆಗೆಯಬೇಕಾ ಎಂದು ಕೇಳಿದಾಗಲೂ ಜನ ಬೇಡ ಅಂದರು. ಅಂಥ ಹೊತ್ತಿನಲ್ಲಿ ಹಾಗೆ ಮತ ಹಾಕಿದವರ ಮೇಲೆ ನನಗೆ ತುಂಬಾ ಗೌರವವಿದೆ.

ಇನ್ನೊಂದು ಮಾತು. ನಿಮ್ಮ ತಮ್ಮ ಎಚ್-1ಬಿಯಂಥ ಕೆಲಸದ ವೀಸಾದಲ್ಲಿದ್ದರೆ, ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇಲ್ಲದೆ ಅಲ್ಲಿ ಬಂದೂಕು ಇಟ್ಟುಕೊಳ್ಳುವುದು ಫೆಡರಲ್ ಅಪರಾಧ, ಅಂದರೆ ಅಲ್ಲಿನ ಕೇಂದ್ರ ಸರ್ಕಾರದ ಕಾನೂನಿನಡಿ ಅಪರಾಧ. ಬಿಲ್ಲಿಗೆ ಇದು ಅನ್ವಯಿಸುವುದಿಲ್ಲ. ಗೆಳೆಯರು "ಸಿಂಹ ಬಂದರೆ ಇರಲಿ" ಎಂದು ಪಿಸ್ತೂಲು ಕೊಡಲು ಬರಬಹುದು. ಮೊದಲು ಲೈಸೆನ್ಸ್ ನೋಡಿಕೊಳ್ಳಲಿ.

ಬೇಟೆ ಬಿದ್ದ ಮೇಲಿನ ಹೊತ್ತೂ ಅಪಾಯದ್ದೇ. ಎಲ್ಕ್ ದೊಡ್ಡದು, ಅದರ ಮಾಂಸವನ್ನು ಒಂದೇ ಸಲಕ್ಕೆ ಹೊತ್ತು ತರಲು ಆಗುವುದಿಲ್ಲ. ಅರ್ಧ ಅಲ್ಲೇ ಬಿಟ್ಟು ಬೆಳಿಗ್ಗೆ ವಾಪಸ್ ಹೋಗುತ್ತಾರೆ. ಆ ರಾತ್ರಿ ರಕ್ತದ ವಾಸನೆ ಕಾಡಿನಲ್ಲೆಲ್ಲ ಹರಡಿರುತ್ತದೆ. ಹಾಗಾಗಿ ಮಾಂಸವನ್ನು ಕರುಳಿನ ರಾಶಿಯಿಂದ ದೂರ, ಬಯಲಲ್ಲಿ ಒಂಟಿಯಾಗಿ ನಿಂತ ಮರಕ್ಕೆ, ದೂರದಿಂದಲೇ ಕಾಣುವಂತೆ ಕಟ್ಟಲಿ. ಬೆಳಿಗ್ಗೆ ಹೋಗುವಾಗ ಜೋರಾಗಿ ಮಾತಾಡುತ್ತಾ ಹೋಗಲಿ, ಒಂದು ಕಡೆ ನಿಂತು ಮೊದಲು ನೋಡಲಿ. ಸಿಂಹ ತನ್ನ ಊಟದ ಮೇಲೆ ಎಲೆ, ಹುಲ್ಲು, ಮಣ್ಣು ಎಳೆದು ಮುಚ್ಚಿಡುತ್ತದೆ, ಆಮೇಲೆ ಹತ್ತಿರದ ಪೊದೆಯಲ್ಲೇ ಮಲಗಿರುತ್ತದೆ. ಮಾಂಸ ಹಾಗೆ ಮುಚ್ಚಿದ್ದು ಕಂಡರೆ ಅದು ಇನ್ನು ತಮ್ಮನದಲ್ಲ. ಅಲ್ಲೇ ಬಿಟ್ಟು, ಮುಖ ಅತ್ತಲೇ ಇಟ್ಟುಕೊಂಡು ಬಂದ ದಾರಿಯಲ್ಲಿ ಹಿಂದೆ ಸರಿಯಲಿ.